ದುಂಡು ಪ್ಲಗ್ಗು, ಚಪ್ಪಟೆ ಪೋರ್ಟು

ಮೌಸಿನ ಬಾಲದ ತುದಿಯಲ್ಲಿದ್ದ ಪ್ಲಗ್ಗು ದುಂಡಗಿತ್ತು. ಕಂಪ್ಯೂಟರಿನ ಬೆನ್ನಲ್ಲಿದ್ದ ಪೋರ್ಟು ಚಪ್ಪಟೆಯಾಗಿತ್ತು. ಅಷ್ಟೇ ವಿಷಯ. ಇಷ್ಟು ಸಣ್ಣ ಕಾರಣಕ್ಕೆ ಒಬ್ಬ ಮನುಷ್ಯನ ಸಂಸಾರ ಇನ್ನೂ ಮೂರು ವರ್ಷ ಎರಡು ಊರಲ್ಲಿ ಬಿದ್ದಿರಬೇಕಾಗುತ್ತದೆ ಎಂದರೆ ಯಾರು ತಾನೇ ನಂಬುತ್ತಾರೆ?

ಆ ಮನುಷ್ಯ ಪಾರ್ಸೆಲ್ ಆಫೀಸಿನ ತೂಕದ ಗುಮಾಸ್ತ. ಎಲ್ಲರ ಬಾಯಲ್ಲಿ ತೂಕದಣ್ಣ. ಕಟ್ಟನ್ನು ಕೈಯಲ್ಲಿ ಒಮ್ಮೆ ಎತ್ತಿ ನೋಡಿ "ನಾಲ್ಕು ಕೆಜಿ ಇನ್ನೂರು" ಎನ್ನುತ್ತಿದ್ದ. ಮಿಷನ್ನಿನ ಮೇಲಿಟ್ಟರೆ ನಾಲ್ಕು ಕೆಜಿ ಇನ್ನೂರ ಹತ್ತು ತೋರಿಸುತ್ತಿತ್ತು. ಆ ಹತ್ತು ಗ್ರಾಂ ದಾರದ್ದು ಎಂದು ಅವನ ವಾದ.

ಅವನು ಇರುವುದು ಈ ಊರಲ್ಲಿ, ಹೆಂಡತಿ ಮತ್ತು ಮಗಳು ಇರುವುದು ಬಸ್ಸಿನಲ್ಲಿ ಏಳು ಗಂಟೆ ದೂರದ ಇನ್ನೊಂದು ಊರಲ್ಲಿ. ಹದಿನೈದು ದಿನಕ್ಕೊಮ್ಮೆ ಭಾನುವಾರ ಹೋಗಿ ಬರುತ್ತಿದ್ದ. ಹೋದ ಸಲ ಬಾಗಿಲು ತೆಗೆದ ಮಗಳು ಒಳಗೆ ತಿರುಗಿ, "ಅಮ್ಮಾ, ಭಾನುವಾರದವರು ಬಂದ್ರು" ಎಂದು ಕೂಗಿದ್ದಳು. ಹೆಂಡತಿ ನಕ್ಕಳು. ಅವನೂ ನಕ್ಕ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಏಳು ಗಂಟೆಯೂ ಅದೇ ಮಾತನ್ನು ತೂಗುತ್ತಾ ಕೂತಿದ್ದ.

ವರ್ಗಾವಣೆ ಕೇಳಲು ಮೂರು ವರ್ಷಕ್ಕೊಂದೇ ಅವಕಾಶ. ಈ ಸಲ ಮುಖ್ಯ ಕಚೇರಿಯವರು ಕಾಲಕ್ಕೆ ತಕ್ಕಂತೆ ನಡೆಯಲು ಹೊರಟು, ಪ್ರತಿ ಶಾಖೆಗೂ ಒಂದು ಫ್ಲಾಪಿ, ಒಂದು ಹೊಸ ಮೌಸು, ಒಂದು ಸುತ್ತೋಲೆ ಕಳಿಸಿದ್ದರು. ಫ್ಲಾಪಿ ಹಾಕಿದರೆ ಪರದೆಯ ಮೇಲೆ ಒಂದು ನಕ್ಷೆ ಬರುತ್ತದೆ. ನಕ್ಷೆಯ ತುಂಬ ಎಂಬತ್ತೆರಡು ಚುಕ್ಕೆ, ಒಂದೊಂದು ಚುಕ್ಕೆ ಒಂದೊಂದು ಶಾಖೆ. ಬೇಕಾದ ಊರಿನ ಮೇಲೆ ಮೌಸಿನ ಬಾಣ ಇಟ್ಟು ಗುಂಡಿ ಒತ್ತಿದರೆ ಆ ಚುಕ್ಕೆ ಕೆಂಪಾಗುತ್ತದೆ. ಆಮೇಲೆ ಕೀಬೋರ್ಡಿನ ಎಂಟರ್ ಒತ್ತಿದರೆ ಮುಗಿಯಿತು, ಬದಲಾಯಿಸುವ ಹಾಗಿಲ್ಲ. "ಕಾಗದದ ಮೇಲಿನ ಅರ್ಜಿಗಳನ್ನು ಯಾವ ಕಾರಣಕ್ಕೂ ಸ್ವೀಕರಿಸಲಾಗುವುದಿಲ್ಲ" ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು. ಇವತ್ತು ಸಂಜೆ ನಾಲ್ಕಕ್ಕೆ ಸಿಬ್ಬಂದಿ ಅಧಿಕಾರಿಗಳೇ ಬಂದು ಫ್ಲಾಪಿ ಒಯ್ಯುವವರಿದ್ದರು.

ಬೆಳಿಗ್ಗೆ ಹತ್ತಕ್ಕೆ ತೂಕದಣ್ಣ ಹೊಸ ಮೌಸನ್ನು ಡಬ್ಬಿಯಿಂದ ತೆಗೆದು, ಕಂಪ್ಯೂಟರಿನ ಹಿಂದೆ ಬಗ್ಗಿ, ಪ್ಲಗ್ಗನ್ನು ಪೋರ್ಟಿಗೆ ಒತ್ತಿದ. ಹೋಗಲಿಲ್ಲ. ತಿರುಗಿಸಿ ಒತ್ತಿದ. ಹೋಗಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದ. ಪ್ಲಗ್ಗಿನಲ್ಲಿ ಆರು ಕಡ್ಡಿ, ದುಂಡಗೆ. ಪೋರ್ಟಿನಲ್ಲಿ ಒಂಬತ್ತು ಕಡ್ಡಿ, ಎರಡು ಸಾಲಾಗಿ. ಪಕ್ಕದಲ್ಲಿ ಅಂಥದೇ ಇನ್ನೊಂದು ಚಪ್ಪಟೆ ಪೋರ್ಟಿತ್ತು, ಅದರಲ್ಲಿ ತೂಕದ ಮಿಷನ್ನಿನ ತಂತಿ ಕೂತಿತ್ತು. ದುಂಡನೆಯದು ಎಲ್ಲೂ ಇರಲಿಲ್ಲ.

"ಅಕ್ಕಾ, ಹಳೇ ಮೌಸು ಎಲ್ಲಿ?" ಎಂದು ಪಕ್ಕದ ಮೇಜಿನ ಟೈಪಿಸ್ಟಕ್ಕನನ್ನು ಕೇಳಿದ.

"ನೀನೇ ಕೊಟ್ಟೆಯಲ್ಲೋ ನಿನ್ನೆ! ಹಳೇದು ಕೊಟ್ರೇನೇ ಹೊಸದು ಅಂದ್ರು ವ್ಯಾನಿನವರು. ನಾನು ಬೇಡ ತಡಿ ಅಂದೆ. ನೀನು ಕೇಳ್ಬೇಕಲ್ಲ, ಸಹಿ ಹಾಕಿ, ಧೂಳು ಒರೆಸಿ ಕೊಟ್ಟೆ."

ಧೂಳು ಒರೆಸಿದ್ದು ನಿಜ.

ಮುಖ್ಯ ಕಚೇರಿಯ ಉಗ್ರಾಣಕ್ಕೆ ಫೋನು ಹಚ್ಚಿದ. ಉಗ್ರಾಣದವರು "ಸ್ವಲ್ಪ ಇರಿ" ಎಂದರು. ಅವನು ಇದ್ದ. ರಿಸೀವರು ಕಿವಿಗಿಟ್ಟುಕೊಂಡೇ ಆರು ಪಾರ್ಸೆಲ್ ತೂಗಿದ. ಮುಕ್ಕಾಲು ಗಂಟೆಯ ನಂತರ ಉಗ್ರಾಣದವರು ಬಂದು, ಹಳೆಯ ಮೌಸುಗಳೆಲ್ಲ ಲೆಕ್ಕದಿಂದ ತೆಗೆದುಹಾಕಿ ಆಗಿದೆ, ಹೊಸ ಮೌಸು ಕೊಟ್ಟಿದ್ದಕ್ಕೆ ನಿಮ್ಮದೇ ಸಹಿ ಇದೆ, ಇನ್ನೇನು ಬೇಕು ಎಂದು ಕೇಳಿದರು.

"ಸಾರ್, ಅದು ನಮ್ಮ ಕಂಪ್ಯೂಟರಿಗೆ ಕೂರಲ್ಲ."

"ಕೂರಲ್ಲ ಅಂದ್ರೆ? ಮೌಸು ಸರಿಯಾಗಿದೆಯಾ ಇಲ್ವಾ?"

"ಮೌಸು ಸರಿಯಾಗಿದೆ."

"ಕಂಪ್ಯೂಟರು?"

"ಅದೂ ಸರಿಯಾಗಿದೆ."

"ಮತ್ತಿನ್ನೇನ್ರೀ ನಿಮ್ಮ ತಕರಾರು?" ಎಂದು ಫೋನಿಟ್ಟರು. ಕಾಗದದಲ್ಲಿ ಬರೆದುಕೊಡಬಹುದೇ ಎಂದು ಕೇಳಲು ಮತ್ತೆ ಫೋನು ಮಾಡಿದ. ಇನ್ನೊಂದು ಅರ್ಧ ಗಂಟೆ ಕಾಯಿಸಿ, ಸುತ್ತೋಲೆಯ ಎರಡು ಗೆರೆಯ ಸಾಲನ್ನು ಅವನಿಗೇ ಓದಿ ಹೇಳಿದರು.

ಅಷ್ಟು ಹೊತ್ತಿಗೆ ಇಡೀ ಆಫೀಸಿಗೆ ಸುದ್ದಿ ಮುಟ್ಟಿತ್ತು. ಶಾಖೆಯ ಸಾಹೇಬರು ಕೋಣೆಯಿಂದ ಹೊರಗೆ ಬಂದರು. ದಢೂತಿ ಮನುಷ್ಯ, ಒಳ್ಳೆಯವರು, ಆದರೆ ಯಾವ ಕಷ್ಟ ಬಂದರೂ ಸುತ್ತೋಲೆಯನ್ನು ಗಟ್ಟಿಯಾಗಿ ಓದಿದರೆ ಪರಿಹಾರವಾಗುತ್ತದೆ ಎಂಬ ನಂಬಿಕೆಯವರು. ಓದಿದರು. ಪ್ಲಗ್ಗು ದುಂಡಗೇ ಇತ್ತು.

"ಕೀಬೋರ್ಡಿನಲ್ಲೇ ಬಾಣ ಓಡಿಸೋಕೆ ಆಗಲ್ವೇನಯ್ಯ?" ಎಂದರು.

ಟೈಪಿಸ್ಟಕ್ಕ ಕೀಬೋರ್ಡಿನಲ್ಲಿದ್ದ ಅಷ್ಟೂ ಕೀಗಳನ್ನು ಒತ್ತಿ ನೋಡಿದಳು, ಎಂಟರ್ ಒಂದನ್ನು ಬಿಟ್ಟು. ನಕ್ಷೆ ಮಿಸುಕಲಿಲ್ಲ.

"ಅಯ್ಯೋ, ಆ ಕಡ್ಡಿಗಳನ್ನ ಇಕ್ಕಳದಲ್ಲಿ ಸ್ವಲ್ಪ ಬಗ್ಗಿಸಿದ್ರೆ ಆಗ್ಹೋಗುತ್ತೆ, ತನ್ನಿ ಇಲ್ಲಿ" ಎಂದು ಹಮಾಲಿ ಮಾವ ಮುಂದೆ ಬಂದ. ಮೂವತ್ತು ವರ್ಷದಿಂದ ಮೂಟೆ ಹೊತ್ತ ಕೈ ಅದು. ಆ ಕೈಯಿಂದ ಮೌಸನ್ನು ಬಿಡಿಸಿಕೊಳ್ಳುವಷ್ಟರಲ್ಲಿ ತೂಕದಣ್ಣನಿಗೆ ಸಾಕುಸಾಕಾಯಿತು.

ಎದುರು ಅಂಗಡಿಯ ರೇಡಿಯೋ ಮೇಷ್ಟ್ರನ್ನು ಕರೆಸಿದ್ದು ಹನ್ನೆರಡೂವರೆಗೆ. ಮೇಷ್ಟ್ರು ರೇಡಿಯೋ ರಿಪೇರಿಯಿಂದ ಶುರುಮಾಡಿ, ಈಗ ಕಂಪ್ಯೂಟರಿನವರೆಗೆ ಬಂದಿದ್ದರು. ಜೇಬಿನಿಂದ ಹೆಬ್ಬೆರಳಿನಷ್ಟು ದೊಡ್ಡ ಒಂದು ತುಂಡು ತೆಗೆದರು. ಒಂದು ಕಡೆ ದುಂಡು, ಇನ್ನೊಂದು ಕಡೆ ಚಪ್ಪಟೆ.

"ಇಷ್ಟಕ್ಕೆ ಯಾಕಿಷ್ಟು ರಂಪ?" ಎಂದು ದುಂಡು ಪ್ಲಗ್ಗನ್ನು ಅದರೊಳಗೆ ತೂರಿಸಿ, ಅದನ್ನು ಚಪ್ಪಟೆ ಪೋರ್ಟಿಗೆ ಒತ್ತಿದರು. ಹಿತವಾಗಿ ಕೂತಿತು. ಎಲ್ಲರೂ ಉಸಿರು ಬಿಟ್ಟರು. ಕಂಪ್ಯೂಟರನ್ನು ಆರಿಸಿ ಹಚ್ಚಿದರು. ಮೌಸು ಸಿಕ್ಕಲಿಲ್ಲ ಎಂದು ಪರದೆಯ ಮೇಲೆ ಒಂದು ಸಾಲು ಬಂದು ನಿಂತಿತು.

"ಯಾಕ್ ಮೇಷ್ಟ್ರೇ? ಕೂತಿದೆಯಲ್ಲ?"

"ಕೂತಿದೆ. ಆದರೆ ಈ ಮೌಸಿಗೆ ದುಂಡು ಪೋರ್ಟಿನ ಭಾಷೆ ಬಿಟ್ಟು ಬೇರೆ ಬರಲ್ಲ. ಕೆಲವು ಮೌಸಿಗೆ ಎರಡೂ ಕಲಿಸಿ ಕಳಿಸಿರ್ತಾರೆ, ಅಂಥದಕ್ಕೆ ಈ ತುಂಡು ಸಾಕು. ಇದು ಒಂದೇ ಕಲಿತಿರೋದು. ಕರಿ ಕೋಟು ಹಾಕಿದ ತಕ್ಷಣ ವಕೀಲನಾಗ್ತಾನಾ?"

"ಹಾಗಾದ್ರೆ ಏನೂ ಆಗಲ್ವಾ?" ತೂಕದಣ್ಣ ಗಡಿಯಾರ ನೋಡಿದ. "ಮೇಷ್ಟ್ರೇ, ನಾಲ್ಕು ಗಂಟೆ ಒಳಗೆ ಆಗಲಿಲ್ಲ ಅಂದ್ರೆ ಇನ್ನು ಮೂರು ವರ್ಷ. ನನ್ನ ಮಗಳು ಆಗ ನನ್ನನ್ನ ಬಾಗಿಲಲ್ಲೇ ನಿಲ್ಲಿಸಿ ಯಾರು ಬೇಕಾಗಿತ್ತು ಅಂತ ಕೇಳ್ತಾಳೆ."

ಮೇಷ್ಟ್ರಿಗೆ ಪಾಪ ಅನ್ನಿಸಿತು. ಅಂಗಡಿಗೆ ಓಡಿ ಒಂದು ಹಳೆಯ ಫ್ಲಾಪಿ ತಂದರು. "ಇದು ಬಹಳ ಹಳೇ ಡ್ರೈವರು, ಮೌಸಿನ ಮಾತನ್ನ ಕಂಪ್ಯೂಟರಿಗೆ ತಿಳಿಸೋ ಪ್ರೋಗ್ರಾಮು. ಈಗಿನವು ಪೋರ್ಟಿನ ಹತ್ತಿರ ಹೋಗಿ, ನೀನು ನಿಜವಾಗ್ಲೂ ಮೌಸೇನಾ ಅಂತ ವಿಚಾರಿಸ್ತವೆ. ಇದು ಏನೂ ವಿಚಾರಿಸಲ್ಲ. ಪೋರ್ಟಿನಿಂದ ಏನು ಬಂದ್ರೂ ಮೌಸೇ ಮಾತಾಡ್ತಿದೆ ಅಂದ್ಕೊಂಡು ಬಾಣ ಓಡಿಸುತ್ತೆ." ಹೀಗೆಂದು ಆ ಡ್ರೈವರನ್ನು ಹಾಕಿ, ಎರಡನೆಯ ಪೋರ್ಟನ್ನು ನೋಡು ಎಂದು ಅದಕ್ಕೆ ಹೇಳಿದರು. ಬಾಣವೇನೋ ಬಂತು. ಆದರೆ ಪರದೆಯ ನಡುವೆ ಹೊಡೆದ ಮೊಳೆಯ ಹಾಗೆ ನಿಂತುಬಿಟ್ಟಿತು.

"ಒಂದನೇ ಪೋರ್ಟು ನೋಡು ಅಂದು ನೋಡೋಣ" ಎಂದು ಮೇಷ್ಟ್ರು ಮತ್ತೇನೋ ಒತ್ತಿದರು. ತಟ್ಟನೆ ಬಾಣ ಬಲಕ್ಕೆ ಜಿಗಿಯಿತು! ಒಂದು ಚುಕ್ಕೆ ಕೆಂಪಾಯಿತು.

"ಬಂತು! ಬಂತು!" ಸಾಹೇಬರು ಚಪ್ಪಾಳೆ ತಟ್ಟಿದರು.

"ಸಾರ್, ನಾನು ಮೌಸು ಮುಟ್ಟೇ ಇಲ್ಲ" ಎಂದ ತೂಕದಣ್ಣ. ಅವನ ಎರಡು ಕೈಯೂ ತಲೆಯ ಮೇಲಿತ್ತು.

ಎಲ್ಲರೂ ಸುತ್ತ ನೋಡಿದರು. ಕೌಂಟರಿನಲ್ಲಿ ಒಂದು ಗಂಟೆಯಿಂದ ಕಾಯುತ್ತಿದ್ದ ದರ್ಜಿಯಮ್ಮ ಬೇಸತ್ತು, ತನ್ನ ಹೊಲಿಗೆ ಮಿಷನ್ನಿನ ತಲೆಯನ್ನು ತಾನೇ ಎತ್ತಿ ತೂಕದ ಮಿಷನ್ನಿನ ಮೇಲೆ ಇಟ್ಟಿದ್ದಳು. ಒಂದನೆಯ ಪೋರ್ಟಿನಲ್ಲಿದ್ದದ್ದು ತೂಕದ ಮಿಷನ್ನು. ಅದು ಎಂದಿನಂತೆ ಕಂಪ್ಯೂಟರಿಗೆ ತೂಕ ಹೇಳಿತ್ತು. ಏನೂ ವಿಚಾರಿಸದ ಡ್ರೈವರು ಅದನ್ನೇ ಮೌಸಿನ ಮಾತೆಂದುಕೊಂಡು, ಬಾಣ ಓಡಿಸಿ, ಗುಂಡಿಯನ್ನೂ ತಾನೇ ಒತ್ತಿತ್ತು.

"ಅಮ್ಮಾ, ಅದನ್ನ ತೆಗೀರಿ ಸ್ವಲ್ಪ."

ದರ್ಜಿಯಮ್ಮ ತೆಗೆದಳು. ಬಾಣ ಕೊಂಚ ಎಡಕ್ಕೆ ಸರಿದು ಇನ್ನೊಂದು ಚುಕ್ಕೆ ಕೆಂಪಾಯಿತು.

ಮೇಷ್ಟ್ರು ತಲೆ ಕೆರೆದುಕೊಂಡರು. "ನನ್ನ ಸರ್ವೀಸಿನಲ್ಲೇ ಇಂಥದ್ದು ನೋಡಿಲ್ಲ. ಸರಿ ಬಿಡಿ, ಇದು ಆಗೋಹೋಗೋ ಮಾತಲ್ಲ" ಎಂದು ಫ್ಲಾಪಿ ತೆಗೆಯಲು ಕೈ ಚಾಚಿದರು.

ತೂಕದಣ್ಣ ಅವರ ಕೈ ಹಿಡಿದುಕೊಂಡ. ಜೀವನದಲ್ಲಿ ಅವನಿಗೆ ಚೆನ್ನಾಗಿ ಬರುತ್ತಿದ್ದುದು ಒಂದೇ ವಿದ್ಯೆ. ಆ ವಿದ್ಯೆಯೇ ಎದುರು ಬಂದು ನಿಂತಾಗ ಬಿಡಲು ಅವನೇನು ದಡ್ಡನೇ?

"ಇರಿ ಮೇಷ್ಟ್ರೇ. ಮಾವ, ತೂಕದ ಕಲ್ಲುಗಳನ್ನ ತಗೊಂಡು ಬಾ, ಎಲ್ಲವನ್ನೂ."

ಒಂದು ಕೆಜಿ ಇಟ್ಟರೆ ಬಾಣ ಎರಡು ಬೆರಳು ಬಲಕ್ಕೆ. ಐದು ಕೆಜಿ ಇಟ್ಟರೆ ಒಂದು ಗೇಣು ಬಲಕ್ಕೆ. ಇನ್ನೂರು ಗ್ರಾಮಿಗೆ ಮೇಲಕ್ಕೆ. ಹತ್ತು ಕೆಜಿ ದಾಟಿದರೆ ಕೆಳಕ್ಕೆ ಇಳಿಯುತ್ತಿತ್ತು. ಯಾಕೆ ಎಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ, ತೂಕದಣ್ಣನಿಗೆ ಬೇಕಾಗಿಯೂ ಇರಲಿಲ್ಲ. ಪಾರ್ಸೆಲ್ ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಎಲ್ಲ ಬರೆದುಕೊಂಡ. ಬಾಣ ನಿಂತಲ್ಲೆಲ್ಲ ಒಂದು ಊರು ಕೆಂಪಾಗುತ್ತಿತ್ತು. ಹಾಗಾಗಿ ಅಪ್ಪಿತಪ್ಪಿ ಯಾರ ಮೊಣಕೈಯೂ ತಾಗದಿರಲೆಂದು ಟೈಪಿಸ್ಟಕ್ಕ ಎಂಟರ್ ಕೀ ಮೇಲೆ ಸ್ಟಾಂಪ್ ಪ್ಯಾಡಿನ ಮುಚ್ಚಳ ಮುಚ್ಚಿ, ಅದರ ಪಕ್ಕ ಕಾವಲು ಕೂತಳು.

ಮೂರು ಗಂಟೆಯ ಹೊತ್ತಿಗೆ ಆಫೀಸಿನಲ್ಲಿ ಬೇರೆ ಯಾವ ಕೆಲಸವೂ ಉಳಿದಿರಲಿಲ್ಲ. ಕೌಂಟರಿನ ಆಚೆ ಹತ್ತು ಹನ್ನೆರಡು ಜನ ಗಿರಾಕಿಗಳು ತಮ್ಮ ಪಾರ್ಸೆಲ್ ಮರೆತು ನಕ್ಷೆ ನೋಡುತ್ತಿದ್ದರು.

"ಯಾವ ಚುಕ್ಕೆಗೆ ಹೋಗ್ಬೇಕಪ್ಪ?"

"ಅದೋ, ಬಲಗಡೆ ಕೆಳಗೆ ಮೂಲೆಯಲ್ಲಿದೆಯಲ್ಲ, ಅದು. ಅಲ್ಲಿ ಇವರ ಹೆಂಡ್ತಿ ಇದ್ದಾರಂತೆ."

"ಅಯ್ಯೋ ಪಾಪ. ನನ್ನ ಈ ಪುಸ್ತಕದ ಕಟ್ಟು ಇಡ್ರಿ, ಸರಿಹೋಗುತ್ತೆ."

ತೂಕದಣ್ಣ ಕಟ್ಟನ್ನು ಎತ್ತಿ ನೋಡಿ, "ಆರು ಕೆಜಿ ಎಂಟುನೂರು. ಈಗ ಬೇಡ" ಎಂದು ಕೆಳಗಿಟ್ಟ. ಒಬ್ಬ ಉತ್ಸಾಹಿ ಗಿರಾಕಿ ಹೇಳದೆ ಕೇಳದೆ ತನ್ನ ಟ್ರಂಕು ಇಟ್ಟುಬಿಟ್ಟಿದ್ದಕ್ಕೆ ಬಾಣ ನಕ್ಷೆಯ ಕೊನೆಗೆ ಹಾರಿ, ಗಡಿಯ ಒಂದು ಶಾಖೆ ಕೆಂಪಾಯಿತು. ಅಲ್ಲಿಗೆ ಹೋದವರು ನಿವೃತ್ತಿಯಾದ ಮೇಲೇ ವಾಪಸು ಬರುವುದು. ಅಷ್ಟರಲ್ಲಿ ಟೈಪಿಸ್ಟಕ್ಕನಿಗೆ ಜೋರಾಗಿ ಸೀನು ಬಂತು. ಅವಳು ಎರಡು ಕೈಯಲ್ಲೂ ಮುಚ್ಚಳವನ್ನು ಸುತ್ತುವರಿದು, ಮುಖ ಆಚೆ ತಿರುಗಿಸಿ, ಸಾಹೇಬರ ಅಂಗಿಯ ಮೇಲೆ ಸೀನಿದಳು. ಸಾಹೇಬರು ಪರದೆಯಿಂದ ಕಣ್ಣು ಕೀಳದೆಯೇ ಅಂಗಿ ಒರೆಸಿಕೊಂಡರು.

ಮತ್ತೆ ಮೊದಲಿನಿಂದ. ಐದು, ಎರಡು, ಇನ್ನೂರು ಗ್ರಾಂ, ಹೊಲಿಗೆ ಮಿಷನ್ನಿನ ತಲೆ. ಮೂರೂ ಮುಕ್ಕಾಲಿಗೆ ಬಾಣ ಬೇಕಾದ ಚುಕ್ಕೆಯ ನೇರ ಮೇಲೆ, ನಾಲ್ಕು ಬೆರಳು ಅಂತರದಲ್ಲಿ ನಿಂತಿತು. ಇನ್ನು ಕೆಳಕ್ಕೆ ಇಳಿಸಿದರೆ ಆಯಿತು. ತೂಕದಣ್ಣ ರಿಜಿಸ್ಟರು ನೋಡಿ ಲೆಕ್ಕ ಹಾಕಿ, ಕಣ್ಣು ಮೇಲೆತ್ತಿ ಸಾಹೇಬರನ್ನು ನೋಡಿದ.

"ಒಂದೇ ಸಲಕ್ಕೆ ತೊಂಬತ್ತರ ಮೇಲೆ ತೂಕ ಬೇಕು ಸಾರ್. ಚೂರುಚೂರಾಗಿ ಇಟ್ರೆ ದಾರಿ ತಪ್ಪುತ್ತೆ."

ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. "ನಾನು ಎಪ್ಪತ್ತೆಂಟು ಕಣಯ್ಯ. ಮನೆಯವಳಿಗೂ ಅದೇ ಹೇಳಿದ್ದೀನಿ."

"ಸಾರ್, ನಾನು ತೂಕದ ಗುಮಾಸ್ತ" ಎಂದ ತೂಕದಣ್ಣ ಮೆಲ್ಲಗೆ.

ಮಿಷನ್ನಿನ ಕೆಂಪು ಅಂಕಿಗಳು ಕೌಂಟರಿನ ಕಡೆಗೇ ಮುಖ ಮಾಡಿದ್ದವು. ಗಿರಾಕಿಗಳೆಲ್ಲ ಸಭ್ಯರಾಗಿ ಗೋಡೆಯ ಕಡೆ ತಿರುಗಿ ನಿಂತರು. ಸಾಹೇಬರು ಚಪ್ಪಲಿ ಬಿಟ್ಟು, ಜೇಬಿನಿಂದ ಕೀಗೊಂಚಲು ತೆಗೆದಿಟ್ಟು, ಉಸಿರು ಬಿಗಿಹಿಡಿದು ಮೇಲೆ ಹತ್ತಿದರು. ತೊಂಬತ್ತಾರೂವರೆ. ಬಾಣ ಸರಕ್ಕನೆ ಕೆಳಗಿಳಿಯಿತು. ಮೂಲೆಯ ಚುಕ್ಕೆ ಕೆಂಪಾಯಿತು.

"ಮುಚ್ಚಳ!" ಎಂದು ತೂಕದಣ್ಣ ಕೂಗಿದ. ಟೈಪಿಸ್ಟಕ್ಕ ಮುಚ್ಚಳ ತೆಗೆದಳು. ಅವನು ಎಂಟರ್ ಒತ್ತಿದ. ಅರ್ಜಿ ದಾಖಲಾಗಿದೆ ಎಂದು ಪರದೆ ಹೇಳಿತು. ಗೋಡೆ ನೋಡುತ್ತಿದ್ದವರೆಲ್ಲ ಒಟ್ಟಿಗೆ ಈ ಕಡೆ ತಿರುಗಿದರು. ದರ್ಜಿಯಮ್ಮ ಕಣ್ಣೊರೆಸಿಕೊಂಡಳು. ಹಮಾಲಿ ಮಾವ ತೂಕದಣ್ಣನನ್ನು ಮೂಟೆಯಂತೆ ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ. ಇನ್ನು ಮೇಲೆ ಸೋಮವಾರವೂ ಮನೆಯಲ್ಲೇ ಇರಬಹುದು ಎಂಬುದೊಂದೇ ತೂಕದಣ್ಣನ ತಲೆಯಲ್ಲಿತ್ತು.

ಸರಿಯಾಗಿ ನಾಲ್ಕಕ್ಕೆ ಸಿಬ್ಬಂದಿ ಅಧಿಕಾರಿಗಳು ಬಂದರು. ಸಣ್ಣಗೆ, ತೆಳ್ಳಗೆ ಇದ್ದರು. ಬೆಳಿಗ್ಗೆಯಿಂದ ಹನ್ನೊಂದು ಶಾಖೆ ಸುತ್ತಿ ಸುಸ್ತಾಗಿದ್ದರು. ಕುರ್ಚಿಯಲ್ಲಿ ಕೂತು, ಬ್ಯಾಗಿನಿಂದ ಒಂದು ಬಿಳಿ ಹಾಳೆ ತೆಗೆದು ಮುಂದಿಟ್ಟು, "ಹೂಂ, ನಿಮಗೆ ಯಾವ ಊರು ಬೇಕೋ ಇದರಲ್ಲಿ ಬರೆದು ಸಹಿ ಹಾಕಿ" ಎಂದರು.

ತೂಕದಣ್ಣ ಹಾಳೆಯನ್ನೂ ಅವರನ್ನೂ ನೋಡಿದ. "ಸಾರ್, ಫ್ಲಾಪಿ ಇದೆ."

"ಫ್ಲಾಪಿನಾ? ತುಂಬಿದ್ದೀರಾ?"

"ಕಾಗದ ತಗೊಳ್ಳಲ್ಲ ಅಂತ ಬರೆದಿತ್ತಲ್ಲ ಸಾರ್, ಎರಡು ಗೆರೆ ಎಳೆದು."

"ನಾನೇ ಎಳೆದಿದ್ದು. ಬೆಳಿಗ್ಗೆ ಒಂಬತ್ತಕ್ಕೆ ಮೊದಲನೇ ಶಾಖೆಗೆ ಹೋಗ್ತಿದ್ದ ಹಾಗೇ ಗೊತ್ತಾಯ್ತು, ಉಗ್ರಾಣದವರು ಎಲ್ಲಾ ಕಡೆ ದುಂಡು ಪ್ಲಗ್ಗಿನದೇ ಕಳಿಸಿಬಿಟ್ಟಿದ್ದಾರೆ ಅಂತ. ಕಾಗದವೇ ಸಾಕು ಅಂತ ಎಲ್ಲಾ ಶಾಖೆಗೂ ಫೋನು ಮಾಡಿಸಿದೆ. ನಿಮ್ಮ ಫೋನು ಮಾತ್ರ ಒಂದೂಕಾಲು ಗಂಟೆ ಎಂಗೇಜು."

ಟೈಪಿಸ್ಟಕ್ಕ ತೂಕದಣ್ಣನ ಮುಖ ನೋಡಿದಳು. ತೂಕದಣ್ಣ ಫೋನಿನ ಮುಖ ನೋಡಿದ.

"ಹೋಗಲಿ ಬಿಡಿ ಸಾರ್. ಫ್ಲಾಪಿ ನಡೆಯುತ್ತಲ್ಲ?"

"ಧಾರಾಳವಾಗಿ. ಯಾವ ಊರು ಕೇಳಿದ್ದೀರಿ?"

ಹೇಳಿದ. ಅಧಿಕಾರಿಗಳು ಬ್ಯಾಗಿನಲ್ಲಿದ್ದ ಕಾಗದಗಳ ಕಟ್ಟು ತೆಗೆದು, ಎಲ್ಲಕ್ಕಿಂತ ಕೆಳಗಿದ್ದುದನ್ನು ಎಳೆದು ನೋಡಿದರು. "ಛೆ. ಅಲ್ಲಿ ಒಂದೇ ಜಾಗ ಖಾಲಿ ಇತ್ತು. ಮೊದಲನೇ ಶಾಖೆಯ ಗುಮಾಸ್ತರು ಒಂಬತ್ತೂಕಾಲಿಗೆ ಬರೆದುಕೊಟ್ರು. ಎರಡೇ ಸಾಲು. ಅಲ್ಲೇ ಮಂಜೂರು ಮಾಡಿ ಬಂದೆ."

ಒಂಬತ್ತೂಕಾಲಿಗೆ ತೂಕದಣ್ಣ ಆಫೀಸಿಗೇ ಬಂದಿರಲಿಲ್ಲ. ಅವನು ಸ್ಟೂಲು ಎಳೆದುಕೊಂಡು ಕೂತ.

"ಅದಿರಲಿ, ಮೌಸೇ ಇಲ್ಲದೆ ನೀವು ತುಂಬಿದ್ದು ಹೇಗೆ?" ಎಂದು ಅಧಿಕಾರಿಗಳು ಕೇಳಿದರು.

ಇಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಕತೆ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಪಾಪದವನಿಗೆ ಸಹಾಯ ಮಾಡಬೇಕೆಂದು ಎಲ್ಲರಿಗೂ ಒಮ್ಮೆಲೇ ಅನ್ನಿಸಿಬಿಟ್ಟಿತು.

"ಭಾರೀ ತಲೆ ಸಾರ್ ಇವನದು!" ಎಂದರು ಸಾಹೇಬರು. "ತೂಕದ ಮಿಷನ್ನನ್ನೇ ಮೌಸು ಮಾಡಿಬಿಟ್ಟ. ನಾನೇ ಖುದ್ದಾಗಿ ಮೇಲೆ ಹತ್ತಿದ್ದೆ."

"ಎಷ್ಟು ಗ್ರಾಮಿಗೆ ಎಷ್ಟು ದೂರ ಅಂತ ಪೂರಾ ಪಟ್ಟಿ ಬರೆದಿದ್ದಾನೆ ಸಾರ್, ನೋಡಿ" ಎಂದು ಟೈಪಿಸ್ಟಕ್ಕ ರಿಜಿಸ್ಟರು ತೆರೆದು ತೋರಿಸಿದಳು.

"ಇಂಥವರನ್ನ ಈ ಮೂಲೇಲಿ ಕೊಳೆಸಬಾರದು ಸಾರ್" ಎಂದರು ರೇಡಿಯೋ ಮೇಷ್ಟ್ರು. ಹಮಾಲಿ ಮಾವನಂತೂ ಕಲ್ಲುಗಳನ್ನು ಇಟ್ಟು ತೆಗೆದು ಬಾಣವನ್ನು ನಾಲ್ಕು ದಿಕ್ಕಿಗೂ ಓಡಿಸಿ ತೋರಿಸಿದ.

ಅಧಿಕಾರಿಗಳ ಸುಸ್ತು ಇಳಿದುಹೋಯಿತು. ಎದ್ದು ನಿಂತು ಪಟ್ಟಿಯನ್ನು ಎರಡು ಸಲ ಓದಿದರು. "ಮುಂದಿನ ತಿಂಗಳಿಂದ ಎಲ್ಲಾ ಶಾಖೆಯ ಲೆಕ್ಕವೂ ಮೌಸಿನಲ್ಲೇ ಅಂತ ಆದೇಶ ಆಗಿದೆ. ಹೊಸ ಮೌಸಿಗೆ ಟೆಂಡರು ಕರೆದ್ರೆ ಮೂರು ವರ್ಷ. ತೂಕದ ಮಿಷನ್ನು ಎಲ್ಲಾ ಕಡೆ ಇದ್ದೇ ಇದೆ. ನಮಗೆ ನಿಮ್ಮಂಥ ಒಬ್ಬರು ಬೇಕಾಗಿತ್ತು ಕಣ್ರೀ!" ಎಂದು ಅದೇ ಬಿಳಿ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಆದೇಶ ಬರೆಯತೊಡಗಿದರು. ಸಂಚಾರಿ ಬೋಧಕ. ಒಂದೊಂದು ಶಾಖೆಯಲ್ಲಿ ಹದಿನೈದು ದಿನ ಇದ್ದು, ಅಲ್ಲಿಯವರಿಗೆ ಕಲಿಸಿ, ಮುಂದಿನ ಶಾಖೆಗೆ ಹೋಗುವುದು. ರಜೆ ಇಲ್ಲ. ನಾಳೆ ಬೆಳಿಗ್ಗೆಯಿಂದಲೇ ಜಾರಿ. ಊರುಗಳ ಪಟ್ಟಿಯನ್ನು ಹಾಳೆಯ ಹಿಂದೆ ಲಗತ್ತಿಸಿದರು.

ಸಾಹೇಬರು ತೂಕದಣ್ಣನ ಕೈ ಕುಲುಕಿದರು. ಅವನು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದ. ಮತ್ತೊಮ್ಮೆ ಓದಿ, ಅಧಿಕಾರಿಗಳ ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಏನೋ ಕೇಳಿದ. ಅವರೂ ಸಣ್ಣ ದನಿಯಲ್ಲೇ ಉತ್ತರ ಕೊಟ್ಟು, ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟರು.

ಐದು ಗಂಟೆಗೆ ಫೋನು ಬಂತು. ಹೆಂಡತಿ.

"ಏನೂಂದ್ರೆ, ಏನಾಯ್ತು? ನಾನೂ ಮಗೂ ಬೆಳಿಗ್ಗೆಯಿಂದ ಕಾಯ್ತಾ ಇದ್ದೀವಿ. ಯಾವ ಊರು ಸಿಕ್ತು?"

"ಎಲ್ಲಾ ಊರೂ ಸಿಕ್ತು."

"ಎಲ್ಲಾ ಊರೂ ಅಂದ್ರೆ? ನಮ್ಮೂರೂ ಸೇರಿದೆ ತಾನೇ?"

ತೂಕದಣ್ಣ ಕೈಯಲ್ಲಿದ್ದ ಪಟ್ಟಿಯನ್ನು ಮಡಚಿ ಜೇಬಿಗಿಟ್ಟ.

"ಇಲ್ಲ ಕಣೇ. ಎಂಬತ್ತೆರಡು ಶಾಖೆಯಲ್ಲಿ ಆ ಮೌಸು ಸರಿಯಾಗಿ ಕೂತಿರೋದು ನಿಮ್ಮೂರಲ್ಲಿ ಮಾತ್ರ ಅಂತೆ."